ಕಳೆದು ಸಿಕ್ಕಿದ ಕಾಡುಹಾಲಕ್ಕಿ

(ನಮ್ಮ ಮುಂಬಯಿ ವಾಚನಾಲಯದ ಭಾನುವಾರದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ವಾರವೆಲ್ಲ ದುಡಿದು ದಣಿದ ತಾವು ರಜೆಯ ಒಂದು ಸಂಜೆಯನ್ನು ಈ ವಾಚನಾಲಯಕ್ಕಾಗಿ ಮೀಸಲಿಟ್ಟು ಬಂದಿದ್ದೀರಿ. ಇಂಥ ಹೊತ್ತಿನಲ್ಲಿ ತಮ್ಮ ಮುಂದೆ ಒಂದು ಗೂಬೆಯ ಕಥೆಯನ್ನು ಹೇಳಲು ನಿಂತಿದ್ದೇವೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. ನಗಲು ಅಡ್ಡಿಯಿಲ್ಲ. ಆದರೆ ಈ ಗೂಬೆಗೂ ನಮ್ಮ ಚಾಳಿನ ನಳದಲ್ಲಿ ಬೆಳಗಿನ ಜಾವ ಬರುವ ನೀರಿಗೂ ಒಂದು ಸಂಬಂಧವಿದೆ. ಭಾಷಣ ಮುಗಿಯುವುದರೊಳಗೆ ಅದನ್ನು ತೋರಿಸಿಕೊಡುತ್ತೇವೆ.

ಗೂಬೆಯ ವಿಷಯದಲ್ಲಿ ನಮ್ಮ ಜನ ಎರಡು ಬಗೆಯ ಮಾತನ್ನಾಡುತ್ತಾರೆ. ಇನ್ನೊಬ್ಬರ ಮೇಲೆ ತಪ್ಪು ಹೊರಿಸುವುದಕ್ಕೆ ನಾವು 'ಗೂಬೆ ಕೂರಿಸುವುದು' ಎನ್ನುತ್ತೇವೆ. ಮನೆಯ ಮಾಡಿನ ಮೇಲೆ ಗೂಬೆ ಕುಳಿತರೆ ಶಾಂತಿ ಮಾಡಿಸುವವರಿದ್ದಾರೆ. ಅದೇ ಜನ ಗೂಬೆಯನ್ನು ಲಕ್ಷ್ಮಿಯ ವಾಹನವೆಂದೂ ಹೇಳುತ್ತಾರೆ. ಇನ್ನು ಹಾಲಕ್ಕಿಯ ಮಾತು. ಊರಿನಲ್ಲಿ ಬೆಳಗಿನ ಜಾವ ಬಣ್ಣಬಣ್ಣದ ಶಾಲು ಹೊದ್ದು, ಕೈಯಲ್ಲಿ ಬುಡಬುಡಿಕೆ ಆಡಿಸುತ್ತ ಬಂದು, ಹಾಲಕ್ಕಿ ಹೀಗೆ ನುಡಿಯಿತು ಹಾಗೆ ನುಡಿಯಿತು ಎಂದು ಮನೆಯವರಿಗೆ ಭವಿಷ್ಯ ಹೇಳಿಹೋಗುವವನನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕಂಬಳಿಯೊಳಗಿಂದಲೇ ಕೇಳಿದ್ದೇವೆ. ಆ ಹಾಲಕ್ಕಿ ಬೇರೆ ಯಾವುದೂ ಅಲ್ಲ, ಮೈಮೇಲೆಲ್ಲ ಬಿಳಿಯ ಚುಕ್ಕೆಗಳುಳ್ಳ ಪುಟ್ಟ ಗೂಬೆ. ಈ ಮಹಾರಾಷ್ಟ್ರದಲ್ಲಿ ಅದಕ್ಕೆ ಪಿಂಗಳಾ ಎನ್ನುತ್ತಾರೆ. ಇಲ್ಲಿಯೂ ಅದರ ಹೆಸರಿನಿಂದಲೇ ಕರೆಸಿಕೊಳ್ಳುವ ಜೋಯಿಸರು ನಸುಕಿನಲ್ಲಿ ಬಂದು ಭವಿಷ್ಯ ಹೇಳುವ ಪದ್ಧತಿಯುಂಟು. ಊರು ಬಿಟ್ಟು ಇಷ್ಟು ದೂರ ಬಂದರೂ ಹಕ್ಕಿಯೂ ಬಿಟ್ಟಿಲ್ಲ, ಪದ್ಧತಿಯೂ ಬಿಟ್ಟಿಲ್ಲ ಎಂದಂತಾಯಿತು.

ಇಂದಿನ ನಮ್ಮ ವಿಷಯ ಆ ಊರ ಹಾಲಕ್ಕಿಯಲ್ಲ, ಕಾಡಿನಲ್ಲಿರುವ ಅದರ ದಾಯಾದಿ. ಮರಾಠಿಯಲ್ಲಿ ಅದನ್ನು ರಾನ್‌ಪಿಂಗಳಾ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಫಾರೆಸ್ಟ್ ಔಲೆಟ್. ನಾವು ಕಾಡುಹಾಲಕ್ಕಿ ಎಂದು ಕರೆಯೋಣ. ಇದು ಕರ್ನಾಟಕದ ಹಕ್ಕಿಯಲ್ಲ. ನಮ್ಮ ಭಾರತದ ನಡುನಾಡನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಸಾತ್ಪುಡಾ ಬೆಟ್ಟಗಳ ತಪ್ಪಲು, ಖಾನ್‌ದೇಶ, ಮೇಳಘಾಟ, ಮಧ್ಯಪ್ರದೇಶದ ಖಂಡವಾ ಕಡೆಯ ಕಾಡು, ಗುಜರಾತಿನ ಡಾಂಗ್, ಮತ್ತು ಮುಂಬಯಿಗೆ ನೀರು ಕೊಡುವ ತಾನ್ಸಾ ಕೆರೆಯ ಸುತ್ತಿನ ಕಾಡು. ಇಷ್ಟೇ ಅದರ ರಾಜ್ಯ. ನಾವು ಹುಟ್ಟಿದ ನಾಡಿನದಲ್ಲವಾದರೂ ನಮಗೆ ಅನ್ನ ಕೊಡುವ ನಾಡಿನದು.

ಮೊದಲು ಹಕ್ಕಿಯ ಪರಿಚಯ. ಉದ್ದ ಸುಮಾರು ೨೩ ಸೆಂಟಿಮೀಟರು, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ಊರ ಹಾಲಕ್ಕಿಯ ತಲೆಯ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿಯ ಚುಕ್ಕೆಗಳು. ಇದರ ತಲೆಯಲ್ಲಿ ಚುಕ್ಕೆಗಳು ಕಂಡೂ ಕಾಣದಷ್ಟು ಮಾಸಲು. ಎದೆಯ ಮೇಲೆ ಕಂದುಬಣ್ಣದ ಪಟ್ಟೆ, ಅದರ ಕೆಳಗೆ ಹೊಟ್ಟೆ ಬಹುಮಟ್ಟಿಗೆ ಬಿಳುಪು. ರೆಕ್ಕೆಯ ಮೇಲೂ ಬಾಲದ ಮೇಲೂ ದಪ್ಪವಾದ ಅಡ್ಡಪಟ್ಟೆಗಳು. ಕಾಲು ಮಾತ್ರ ಮೈಗೆ ಮೀರಿದ ಬಲವುಳ್ಳದ್ದು. ಗೂಬೆಯೆಂದರೆ ರಾತ್ರಿಯದೇ ಎಂದು ನಾವು ತಿಳಿದಿದ್ದರೆ ಈ ಹಕ್ಕಿ ಅದನ್ನು ಸುಳ್ಳು ಮಾಡುತ್ತದೆ. ಹಗಲು ಹೊತ್ತಿನಲ್ಲಿ, ಎಲೆಯುದುರಿದ ಮರದ ತುದಿಯಲ್ಲಿ, ಬಿಸಿಲಿಗೆ ಮೈಕೊಟ್ಟು, ಬಾಲವನ್ನು ಅತ್ತಿತ್ತ ಆಡಿಸುತ್ತ ಕೂತಿರುತ್ತದೆ. ಅಲ್ಲಿಂದ ನೆಲದತ್ತ ನೋಡುತ್ತಿದ್ದು ಹಲ್ಲಿ, ಹಾವುರಾಣಿ, ಇಲಿ, ಮಿಡತೆಗಳ ಮೇಲೆ ಎರಗುತ್ತದೆ. ಇಲಿ ಮಿಡತೆಗಳನ್ನು ತಿನ್ನುವ ಹಕ್ಕಿ ರೈತನಿಗೆ ಸಂಬಳವಿಲ್ಲದ ಆಳು ಎಂಬುದನ್ನು ಒಕ್ಕಲು ಮನೆತನದಿಂದ ಬಂದ ತಮಗೆ ಹೇಳಬೇಕಾಗಿಲ್ಲ.

ಇನ್ನು ಕಥೆ. ಇದರಲ್ಲಿ ಒಂದು ಕಳವು, ಒಂದು ಸುಳ್ಳು ಚೀಟಿ, ನೂರು ವರ್ಷ ಮಿಕ್ಕಿದ ಹುಡುಕಾಟ ಎಲ್ಲ ಇವೆ. ಕಚೇರಿಯಲ್ಲಿ ರಿಜಿಸ್ಟರು ಬರೆಯುವವರು ಸ್ವಲ್ಪ ಗಮನವಿಟ್ಟು ಕೇಳಬೇಕು.

೧೮೭೨ರ ಡಿಸೆಂಬರಿನಲ್ಲಿ ಈಗಿನ ಛತ್ತೀಸಗಢದ ಪೂರ್ವಭಾಗದಲ್ಲಿ ಬ್ಲೂಯಿಟ್ ಎಂಬ ಅಧಿಕಾರಿಯ ಮೂಲಕ ಈ ಹಕ್ಕಿಯ ಮೊದಲ ಮಾದರಿ ದೊರೆಯಿತು. ಅದನ್ನು ಪರೀಕ್ಷಿಸಿ, ಇದು ಹೊಸ ಜಾತಿಯೆಂದು ೧೮೭೩ರಲ್ಲಿ ಪ್ರಕಟಿಸಿ, ಬ್ಲೂಯಿಟ್‌ರ ಹೆಸರನ್ನೇ ಅದಕ್ಕಿಟ್ಟವರು ಎ. ಓ. ಹ್ಯೂಮ್. ಹೌದು, ೧೮೮೫ರಲ್ಲಿ ಕಾಂಗ್ರೆಸ್ ಸಂಸ್ಥೆಯ ಸ್ಥಾಪನೆಗೆ ಮುಂದಾದ ಹ್ಯೂಮ್ ಸಾಹೇಬರೇ. ರಾಜಕಾರಣಕ್ಕೆ ಇಳಿಯುವ ಮೊದಲು ಅವರು ಭಾರತದ ಪಕ್ಷಿಶಾಸ್ತ್ರಕ್ಕೆ ತಳಪಾಯ ಹಾಕಿದವರು. ೧೮೭೭ರಲ್ಲಿ ವ್ಯಾಲೆಂಟೈನ್ ಬಾಲ್ ಎಂಬವರಿಗೆ ಈಗಿನ ಒಡಿಶಾದ ಖರಿಯಾರ ಕಡೆ ಇನ್ನೊಂದು ಸಿಕ್ಕಿತು. ಆಮೇಲೆ ಖಾನ್‌ದೇಶದಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಡೇವಿಡ್ಸನ್ ಕೆಲವನ್ನು ಸಂಗ್ರಹಿಸಿದರು. ಈ ಡೇವಿಡ್ಸನ್ ಮುಂದೆ ನಮ್ಮ ಉತ್ತರ ಕನ್ನಡ ಜಿಲ್ಲೆಗೂ ಬಂದು, ಅಲ್ಲಿಯ ಪಕ್ಷಿಗಳ ಬಗ್ಗೆ ಬರೆದವರು. ಕಾರವಾರದ ಕಡೆಯವರು ಈ ಹೆಸರನ್ನು ನೆನಪಿಡಬಹುದು.

೧೮೮೪ರ ನಂತರ ಹಕ್ಕಿಯ ಸುದ್ದಿಯೇ ಇಲ್ಲ. ಹತ್ತಿ ತುಂಬಿದ ಏಳೇ ಏಳು ಚರ್ಮಗಳು ವಸ್ತುಸಂಗ್ರಹಾಲಯಗಳ ಸೆಳೆಖಾನೆಗಳಲ್ಲಿ ಉಳಿದವು. ಆ ಏಳರಲ್ಲಿ ಒಂದರ ಚೀಟಿ ಮಾತ್ರ ಬೇರೆ ಕಥೆ ಹೇಳುತ್ತಿತ್ತು. ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ ತಾನು ಆ ಹಕ್ಕಿಯನ್ನು ೧೯೧೪ರಲ್ಲಿ ಗುಜರಾತಿನ ಮಾಂಡವಿಯಲ್ಲಿ ಹೊಡೆದೆನೆಂದು ಅದರಲ್ಲಿ ಬರೆದಿದ್ದ. ದೊಡ್ಡ ಹೆಸರಿನ ಮನುಷ್ಯ, ನಂಬದವರಾರು? ೧೯೭೦ರ ದಶಕದಲ್ಲಿ ಸಲೀಂ ಅಲಿ, ಡಿಲನ್ ರಿಪ್ಲಿ ಅವರಂಥ ಘನವಿದ್ವಾಂಸರೂ ಹುಡುಕಿ ನಿರಾಶರಾದರು. ನಡುವೆ ಕೆಲವರು ಕಂಡೆವೆಂದರು, ವಿಚಾರಿಸಿದರೆ ಅದು ನಮ್ಮ ಊರ ಹಾಲಕ್ಕಿಯೇ. ಕಡೆಗೆ, ಈ ಹಕ್ಕಿ ಜಗತ್ತಿನಿಂದ ಅಳಿದುಹೋಗಿರಬೇಕು ಎಂದು ಬಹಳ ಮಂದಿ ಕೈಬಿಟ್ಟರು.

೧೯೯೦ರ ದಶಕದಲ್ಲಿ ಅಮೆರಿಕದ ಪಮೇಲಾ ರಾಸ್ಮುಸನ್ ಎಂಬ ವಿದುಷಿ ಆ ಚರ್ಮಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಮೈನರ್ಟ್ಸ್‌ಹಾಗನ್ ಕೊಟ್ಟ ಚರ್ಮವನ್ನು ಬಿಚ್ಚಿ ಮತ್ತೆ ತುಂಬಿದ ಗುರುತುಗಳಿದ್ದವು. ಒಳಗಿನ ಕೈಕೆಲಸದಲ್ಲಿ ಡೇವಿಡ್ಸನ್‌ರ ರೀತಿ ಕಂಡಿತು. ವಿಷಯ ಏನೆಂದರೆ, ಡೇವಿಡ್ಸನ್ ೧೮೮೦ರ ದಶಕದಲ್ಲಿ ಖಾನ್‌ದೇಶದಲ್ಲಿ ಸಂಗ್ರಹಿಸಿದ ಹಕ್ಕಿಯನ್ನು ಆತ ಲಂಡನ್ನಿನ ಸಂಗ್ರಹಾಲಯದಿಂದ ಕದ್ದು, ಹಳೆಯ ಚೀಟಿ ಕಿತ್ತು, ಹೊಸ ಊರು ಹೊಸ ಇಸವಿ ಬರೆದು ತನ್ನದೆಂದು ತೋರಿಸಿದ್ದ! ರಾಸ್ಮುಸನ್ ಮತ್ತು ನೈಜೆಲ್ ಕಾಲರ್ ಇಬ್ಬರೂ ೧೯೯೯ರಲ್ಲಿ ಈ ಮೋಸವನ್ನು ಸಾಕ್ಷ್ಯಸಮೇತ ಪ್ರಕಟಿಸಿದರು.

ರಾಸ್ಮುಸನ್ ಆ ಸುಳ್ಳು ಚೀಟಿಯನ್ನು ಬದಿಗೆ ಸರಿಸಿ, ಪ್ರಾಮಾಣಿಕವಾದ ಹಳೆಯ ಚೀಟಿಗಳಲ್ಲಿದ್ದ ಊರುಗಳ ಹಾದಿ ಹಿಡಿದರು. ಬೆನ್ ಕಿಂಗ್ ಮತ್ತು ಡೇವಿಡ್ ಅಬಟ್ ಜೊತೆಗಿದ್ದರು. ಮೊದಲು ಪೂರ್ವದ ಸ್ಥಳಗಳಲ್ಲಿ ಹುಡುಕಿದರು, ಸಿಗಲಿಲ್ಲ. ಅಲ್ಲಿಂದ ಡೇವಿಡ್ಸನ್‌ರ ಖಾನ್‌ದೇಶಕ್ಕೆ ಬಂದರು. ೧೯೯೭ರ ನವೆಂಬರ್ ೨೫ರಂದು ಬೆಳಿಗ್ಗೆ, ಶಹಾದೆಯ ಹತ್ತಿರ ಸಾತ್ಪುಡಾ ತಪ್ಪಲಿನಲ್ಲಿ, ಒಂದು ಬೋಳು ಮರದ ಮೇಲೆ ಕಾಡುಹಾಲಕ್ಕಿ ಕೂತಿತ್ತು. ೧೧೩ ವರ್ಷಗಳಾದ ಮೇಲೆ ಅದು ಸಿಕ್ಕಿದ್ದು ಡೇವಿಡ್ಸನ್ ಬರೆದಿಟ್ಟ ಸೀಮೆಯಲ್ಲಿಯೇ! ಸ್ನೇಹಿತರೇ, ಅದು ಎಲ್ಲಿಗೂ ಹೋಗಿರಲಿಲ್ಲ. ಭಿಲ್ಲರೂ ಪಾವರಾ ಜನರೂ ಬಾಳುವ ಆ ಸೀಮೆಯಲ್ಲಿ ತನ್ನ ಪಾಡಿಗೆ ತಾನು ಮರಿ ಮಾಡಿಕೊಂಡಿತ್ತು. ಕಳೆದುಹೋದದ್ದು ಹಕ್ಕಿಯಲ್ಲ, ನಮ್ಮ ಲೆಕ್ಕ. ಯಾರೋ ಒಬ್ಬ ರಿಜಿಸ್ಟರಿನಲ್ಲಿ ಸುಳ್ಳು ಬರೆದರೆ ಹಿಂದೆ ಬರುವವರು ಎಷ್ಟು ಕಾಲ ದಾರಿ ತಪ್ಪಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಆ ನೂರು ವರ್ಷಗಳಲ್ಲಿ ಎಷ್ಟು ಕಾಡು ಹಕ್ಕಿಯ ಗೊಡವೆಯೇ ಇಲ್ಲದೆ ಕಡಿದುಹೋಯಿತೋ!

ಈಗ ಮುಂಬಯಿಯ ಹತ್ತಿರಕ್ಕೆ ಬರೋಣ. ೨೦೧೪ರಲ್ಲಿ ತಾನ್ಸಾ ಅಭಯಾರಣ್ಯದಲ್ಲಿ ಈ ಹಕ್ಕಿ ಕಣ್ಣಿಗೆ ಬಿತ್ತು. ಅದುವರೆಗೆ ಇದು ದೂರದ ಸಾತ್ಪುಡಾದ ಹಕ್ಕಿಯೆಂದೇ ತಿಳಿದಿತ್ತು. ತಾನ್ಸಾ ಎಂಬ ಹೆಸರು ತಮಗೆ ಹೊಸದಲ್ಲ. ಅಲ್ಲಿಯ ಅಣೆಕಟ್ಟು ೧೮೯೨ರಲ್ಲಿ ಮುಗಿಯಿತು. ಅಂದಿನಿಂದ ಈ ನಗರ ತಾನ್ಸಾ ನೀರನ್ನು ಕುಡಿಯುತ್ತಿದೆ. ನಮ್ಮಲ್ಲಿ ಕೆಲವರು ಆ ದೊಡ್ಡ ಕೊಳವೆಯ ಮಗ್ಗುಲಲ್ಲೇ ಸಂಸಾರ ಹೂಡಿದವರು, ಮಕ್ಕಳು ಅದರ ಮೇಲೆ ನಡೆದು ಶಾಲೆಗೆ ಹೋದದ್ದನ್ನು ಕಂಡವರು.

ಹೋದ ಚಳಿಗಾಲದಲ್ಲಿ ನಾವು ನಾಲ್ವರು ಸದಸ್ಯರು ಕಸಾರಾ ಗಾಡಿ ಹಿಡಿದು ಆಟಗಾಂವದಲ್ಲಿ ಇಳಿದು ಆ ಕಡೆ ಹೋಗಿಬಂದೆವು. ಹಕ್ಕಿ ನಮಗೆ ಕಾಣಲಿಲ್ಲ. ಕಂಡೆವೆಂದು ಹೇಳಿ ಮೈನರ್ಟ್ಸ್‌ಹಾಗನ್‌ನ ಸಾಲಿಗೆ ಸೇರುವ ಆಸೆ ನಮಗಿಲ್ಲ. ಕಂಡದ್ದು ಸಾಗುವಾನಿಯ ಕಾಡು, ಉದುರಿದ ದೊಡ್ಡ ದೊಡ್ಡ ಎಲೆಗಳು, ಮತ್ತು ಕಾಡಿನ ನಡುವೆ ನಗರದತ್ತ ಹರಿದುಬರುವ ಕೊಳವೆಗಳು. ದಾರಿಯಲ್ಲಿ ಸೌದೆ ಹೊರೆ ಇಳಿಸಿ ಕೂತಿದ್ದ ಒಬ್ಬ ಮುದುಕರು ನಮ್ಮನ್ನು ಮಾತನಾಡಿಸಿದರು. ಮುಂಬಯಿಯಿಂದ ಬಂದೆವೆಂದಾಗ, "ಹೌದೇ ದಾದಾ? ನಿಮ್ಮ ನೀರು ನಮ್ಮ ಮನೆಯ ಮುಂದೆಯೇ ಹೋಗುತ್ತದೆ. ನಮ್ಮ ಮನೆಯೊಳಗೆ ಮಾತ್ರ ಬರುವುದಿಲ್ಲ" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ, ಇದ್ದದ್ದನ್ನು ಹೇಳಿದ ಮಾತು. ಮುಂಬಯಿಗೆ ನೀರು ಕೊಡುವ ಶಹಾಪುರ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಬೇಸಗೆ ಬಂದರೆ ಹೆಂಗಸರು ಕೊಡ ಹೊತ್ತು ದೂರ ನಡೆಯಬೇಕು. ಬಿಜಾಪುರ, ಕಲಬುರ್ಗಿ ಕಡೆಯಿಂದ ಬಂದ ನಮಗೆ ಆ ನಡಿಗೆ ಎಂಥದೆಂದು ಗೊತ್ತು.

ಕಾಡುಹಾಲಕ್ಕಿಗೆ ಒದಗಿರುವ ಗಂಡಾಂತರ ಯಾವುದು? ಒಂದೇ ಮಾತಿನಲ್ಲಿ ಹೇಳುವುದಾದರೆ, ಮನೆಯ ಗಂಡಾಂತರ. ಮುಂಬಯಿಯಲ್ಲಿ ಖೋಲಿ ಹುಡುಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಈ ಹಕ್ಕಿಗೆ ಗೂಡು ಕಟ್ಟಲು ಬಾರದು, ಮರ ಕೊರೆಯಲೂ ಬಾರದು. ವಯಸ್ಸಾದ ಮರದ ಕೊಂಬೆ ಮುರಿದು ಕೊಳೆತೋ, ಮರಕುಟಿಗ ಕೊರೆದೋ ಆದ ಪೊಟರೆಯಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆಯಿಡುತ್ತದೆ. ಎಳೆಯ ಮರದಲ್ಲಿ ಪೊಟರೆ ಇರುವುದಿಲ್ಲ. ಆದುದರಿಂದ ಕಾಡು ಹಸುರಾಗಿ ಕಂಡರೆ ಸಾಲದು, ಅದರಲ್ಲಿ ಮುದಿಮರಗಳಿರಬೇಕು. ಅವು ಸೌದೆಗೆ, ತೊಲೆಗೆ, ಹೊಲಕ್ಕೆ ಎಂದು ಮೊದಲು ಉರುಳುತ್ತವೆ. ಬೇಸಗೆಯ ಕಾಡುಗಿಚ್ಚು ಉಳಿದವನ್ನು ಸುಡುತ್ತದೆ. ಇದರ ಮೇಲೆ ಮಾಟಮಂತ್ರವೆಂದು ಗೂಬೆಗಳನ್ನು ಹಿಡಿದು ಮಾರುವವರ ಕಾಟ. ಇದು ದೀಪಾವಳಿಯ ಹೊತ್ತಿಗೆ ಹೆಚ್ಚು.

ಲೆಕ್ಕಪತ್ರದವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ದೊಡ್ಡ ಕಾಮಗಾರಿಗಾಗಿ ಕಾಡು ಕಡಿದಾಗ, ಬದಲಿಗೆ ಬೇರೆ ಕಡೆ ಸಸಿ ನೆಡುತ್ತೇವೆಂದು ಬರೆಯುತ್ತಾರೆ. ಕಡಿದದ್ದು ಇಷ್ಟು, ನೆಟ್ಟದ್ದು ಅದರ ಹಲವು ಪಟ್ಟು. ಕಾಗದದ ಮೇಲೆ ಜಮಾಖರ್ಚು ಸರಿಹೋಯಿತು. ಆದರೆ ನೂರು ಸಸಿಗಳಲ್ಲಿ ಒಂದು ಪೊಟರೆಯೂ ಇಲ್ಲ. ಅದು ಆಗಬೇಕಾದರೆ ಮನುಷ್ಯನ ಒಂದು ಆಯುಷ್ಯದಷ್ಟು ಕಾಲ ಬೇಕು. ಅಲ್ಲಿಯವರೆಗೆ ಹಕ್ಕಿ ಎಲ್ಲಿ ಮೊಟ್ಟೆಯಿಡಬೇಕು? ಇದೂ ಒಂದು ಬಗೆಯ ಸುಳ್ಳು ಚೀಟಿಯೇ. ಮೈನರ್ಟ್ಸ್‌ಹಾಗನ್ ಹಕ್ಕಿಯ ಊರನ್ನು ತಪ್ಪಾಗಿ ಬರೆದ, ನಾವು ಸಸಿಯನ್ನು ಮರವೆಂದು ಬರೆಯುತ್ತೇವೆ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಈ ಹಕ್ಕಿ ಮೊದಲು ಅಳಿವಿನ ತೀರ ಅಂಚಿನ ವರ್ಗದಲ್ಲಿತ್ತು. ೨೦೧೮ರಲ್ಲಿ ಒಂದು ಮೆಟ್ಟಿಲು ಇಳಿಸಿ ಗಂಡಾಂತರದ ವರ್ಗದಲ್ಲಿ ಇಟ್ಟರು. ಹೊಸ ಜಾಗಗಳಲ್ಲಿ ಹಕ್ಕಿ ಸಿಕ್ಕಿದ್ದೇ ಅದಕ್ಕೆ ಕಾರಣ, ಸಂಖ್ಯೆ ಬೆಳೆದದ್ದಲ್ಲ. ಬಲಿತ ಹಕ್ಕಿಗಳು ಎಲ್ಲ ಸೇರಿ ಒಂದು ಸಾವಿರವೂ ಇರಲಾರವೆಂದು ಅಂದಾಜು. ಚರ್ಚಗೇಟಿನಲ್ಲಿ ಬೆಳಗಿನ ಒಂದು ಗಾಡಿಯಿಂದ ಇಳಿಯುವ ಜನ ಅದಕ್ಕಿಂತ ಹೆಚ್ಚು.

ಇನ್ನು ಹೇಳಬೇಕಾದ ಮುಖ್ಯ ಮಾತು ನೀರಿನದು. ಗಾರ್ಗಾಯಿ ನದಿಗೆ ಅಣೆಕಟ್ಟು ಕಟ್ಟಿ ಮುಂಬಯಿಗೆ ದಿನಕ್ಕೆ ೪೪ ಕೋಟಿ ಲೀಟರು ನೀರು ತರುವ ಯೋಜನೆಯನ್ನು ನಗರಪಾಲಿಕೆ ಹಾಕಿಕೊಂಡಿದೆ. ಅದರಲ್ಲಿ ಮುಳುಗುವ ನೆಲದ ದೊಡ್ಡ ಪಾಲು ಇದೇ ತಾನ್ಸಾ ಅಭಯಾರಣ್ಯದ ಕಾಡು. ಲಕ್ಷಕ್ಕೂ ಮಿಕ್ಕ ಮರಗಳು ಹೋಗುತ್ತವೆ, ಕೆಲವು ಆದಿವಾಸಿ ಹಳ್ಳಿಗಳು ಏಳಬೇಕಾಗುತ್ತದೆ. ಹಾಗಾದರೆ ನೀರು ಬೇಡವೆನ್ನೋಣವೇ? ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಕೆಟು ಸಾಲಿನಲ್ಲಿಡುವ ತಾಯಂದಿರು ಇಲ್ಲಿಯೇ ಕೂತಿದ್ದಾರೆ. ಅವರ ಎದುರು ಆ ಮಾತನ್ನಾಡುವ ಧೈರ್ಯ ನಮಗಿಲ್ಲ, ಹಕ್ಕೂ ಇಲ್ಲ.

ಆದರೆ ಕೂಡಿ ಕಳೆದು ನೋಡುವ ಹಕ್ಕು ಎಲ್ಲರಿಗೂ ಇದೆ. ಮುಂಬಯಿಗೆ ಈಗ ಬರುವ ನೀರು ದಿನಕ್ಕೆ ಸುಮಾರು ೪೦೦ ಕೋಟಿ ಲೀಟರಿನ ಹತ್ತಿರ. ಅದರಲ್ಲಿ ಕಾಲುಭಾಗಕ್ಕೂ ಮಿಕ್ಕು ಸೋರಿಕೆ, ಕಳವುಗಳಲ್ಲಿ ಲೆಕ್ಕಕ್ಕೆ ಸಿಗದೆ ಹೋಗುತ್ತದೆಂಬುದು ಬಹುಕಾಲದ ದೂರು. ಕಾಲುಭಾಗವೆಂದರೆ ನೂರು ಕೋಟಿ ಲೀಟರು. ಕಳವೆಂದು ಬರೆದದ್ದರಲ್ಲಿ ನಳದ ಹಕ್ಕಿಲ್ಲದ ಬಡವರು ಬೇರೆ ದಾರಿಯಿಲ್ಲದೆ ಹಿಡಿದ ನೀರೂ ಸೇರಿದೆ, ಅದನ್ನು ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಸೋರಿಕೆಯೆಲ್ಲವನ್ನೂ ತಡೆಯುವುದು ಸಾಧ್ಯವೆಂದೂ ಹೇಳುವುದಿಲ್ಲ. ಆ ನೂರು ಕೋಟಿಯಲ್ಲಿ ಅರ್ಧ ಉಳಿಸಿದರೂ ೫೦ ಕೋಟಿ. ಹೊಸ ಅಣೆಕಟ್ಟು ಕೊಡುವುದು ೪೪ ಕೋಟಿ. ಹಾಗಿರುವಾಗ ಮೊದಲು ಮಾಡಬೇಕಾದ ಕೆಲಸ ಯಾವುದು? ತೂತು ಬಿದ್ದ ಕೊಡವನ್ನು ಬೆಸೆಯದೆ ಇನ್ನೊಂದು ಬಾವಿ ತೋಡುವ ಸಂಸಾರವನ್ನು ನಮ್ಮ ಹಳ್ಳಿಯಲ್ಲಿ ಏನೆನ್ನುತ್ತಾರೆಂದು ತಮಗೆ ಗೊತ್ತು.

ಇನ್ನೊಂದು ಮಾತು. ಕೆರೆಯ ಸುತ್ತಿನ ಕಾಡು ಮಳೆಯ ನೀರನ್ನು ಹಿಡಿದು ನಿಧಾನವಾಗಿ ಬಿಡುತ್ತದೆ, ಮಣ್ಣು ಕೊಚ್ಚಿಬಂದು ಕೆರೆ ಹೂಳದಂತೆ ತಡೆಯುತ್ತದೆ. ಹಕ್ಕಿಗೆ ಮನೆಯಾದ ಕಾಡೇ ನಮ್ಮ ಕೆರೆಗೆ ಕಾವಲು. ಆರಂಭದಲ್ಲಿ ಹೇಳಿದ ಸಂಬಂಧ ಇದೇ.

ಗೂಬೆಯನ್ನು ಯಾರ ತಲೆಯ ಮೇಲೆ ಕೂರಿಸಬೇಕೆಂದು ಕೇಳಿದರೆ, ಸಾಮಾನ್ಯವಾಗಿ ಎಲ್ಲರೂ ಸೌದೆ ಹೊರುವ ಆದಿವಾಸಿಯ ಕಡೆ ಬೆರಳು ತೋರಿಸುತ್ತಾರೆ. ಅವನಿಂದಲೂ ಕಾಡು ಸವೆಯುತ್ತದೆ, ಸುಳ್ಳಲ್ಲ. ಆದರೆ ಅವನ ಒಂದು ಹೊರೆ ಸೌದೆ ಎಲ್ಲಿ, ಒಂದು ಕಣಿವೆಯನ್ನೇ ನುಂಗುವ ನಗರದ ಬಾಯಾರಿಕೆ ಎಲ್ಲಿ? ಆ ಕಾಡಿನ ಪೊಟರೆಗಳನ್ನು ಬಲ್ಲವರು ಅವರೇ. ಅವರನ್ನು ಬಿಟ್ಟು ಮಾಡಿದ ರಕ್ಷಣೆ ಉಳಿಯಲಾರದು.

ನಮ್ಮಂಥವರು ಮಾಡಬಹುದಾದದ್ದೇನು? ಗೂಬೆಯ ಉಗುರು, ಗರಿ, ತಾಯಿತವೆಂದು ಮಾರುವವರಿಂದ ಕೊಳ್ಳದಿರೋಣ. ೧೯೭೨ರ ವನ್ಯಜೀವಿ ಕಾಯಿದೆಯ ಪ್ರಕಾರ ಗೂಬೆಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಚಾಳಿನ ಕೊಳವೆ ಸೋರಿದರೆ ನಮಗೇಕೆಂದು ದಾಟಿಹೋಗದೆ ವಾರ್ಡಿನ ಕಚೇರಿಗೆ ಒಂದು ಅರ್ಜಿ ಹಾಕೋಣ. ಬರೆಯಬಲ್ಲ ಗುಮಾಸ್ತರು ಬರೆಯಬಾರದವರಿಗೆ ಬರೆದುಕೊಡಲಿ, ಅದಕ್ಕೆ ಈ ವಾಚನಾಲಯದ ಮೇಜು ಇದೆ. ಅಣೆಕಟ್ಟಿನ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಓದಿ, ಜನರ ಅಭಿಪ್ರಾಯ ಕೇಳಿದಾಗ ಮೊದಲು ಸೋರಿಕೆಯ ಲೆಕ್ಕ ಕೊಡಿ ಎಂದು ಕೇಳೋಣ. ಕಡೆಯದಾಗಿ, ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ಹೊಲದ ಬದುವಿನ ಮುದಿಮರವನ್ನು ಮಾರುವ ಮಾತು ಬಂದರೆ, ಅದರಲ್ಲಿ ಪೊಟರೆಯಿದೆಯೇ ಎಂದು ಒಮ್ಮೆ ನೋಡಿ, ಅಣ್ಣತಮ್ಮಂದಿರಿಗೆ ಒಂದು ಮಾತು ಹೇಳೋಣ. ಅಲ್ಲಿರುವುದು ಕಾಡಿನದಲ್ಲದಿದ್ದರೂ ನಮ್ಮ ಊರ ಹಾಲಕ್ಕಿ. ಅದಕ್ಕೂ ಮನೆ ಬೇಕು.

ಮನೆ ಬಿಟ್ಟು ಬಂದು ಈ ನಗರದಲ್ಲಿ ಒಂದು ಮೂಲೆ ಹುಡುಕಿಕೊಂಡ ನಮಗೆ, ಮನೆ ಕಳೆದುಕೊಳ್ಳುವ ಹಕ್ಕಿಯ ಕಷ್ಟವನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ನಾಳೆ ಬೆಳಿಗ್ಗೆ ನಳದಲ್ಲಿ ನೀರು ಬಂದಾಗ, ಅದು ಯಾವ ಕಾಡಿನಿಂದ ಬಂತೆಂದು ಒಂದು ಗಳಿಗೆ ನೆನೆದರೆ ನಮ್ಮ ಮಾತು ಸಾರ್ಥಕವಾಯಿತು.